ಕೀನ್ಯಾ ಅಕ್ಕಿ ಮುಸುರೆಯೇ?

ನಮ್ಮ ಮನೆಗೆ ಕೀನ್ವಾ ಬಂದದ್ದು ಲ್ಯಾಬ್ ರಿಪೋರ್ಟಿನ ಬಾಲ ಹಿಡಿದುಕೊಂಡು. ಅಕ್ಟೋಬರಿನಲ್ಲಿ ನಮ್ಮನೆಯವರ ರಕ್ತ ಪರೀಕ್ಷೆ ಆಯಿತು. ಎ-ಒನ್-ಸಿ 6.2 ಅಂತ ಬಂತು. 5.7 ಮುಟ್ಟಿದರೆ ಸಕ್ಕರೆ ಕಾಯಿಲೆಯ ಹೊಸಿಲು, 6.5 ಮುಟ್ಟಿದರೆ ನಡುಮನೆ. ಇವರು ಹೊಸಿಲ ಮೇಲೆ ಕೂತು ಕಾಲಾಡಿಸುತ್ತಿದ್ದರು. ಡಾಕ್ಟರಮ್ಮ ತೂಕವನ್ನೂ ನೋಡಿದರು, 184 ಪೌಂಡು. ಕನ್ನಡಕದ ಮೇಲಿನಿಂದ ಇವರನ್ನೂ, ನನ್ನನ್ನೂ ಒಂದು ಸಲ ನೋಡಿ, "ಅನ್ನ ಬಿಡಿ, ಅದರ ಬದಲು ಕೀನ್ವಾ ತಿನ್ನಿ" ಅಂದರು.

ಆಕೆ ಹೇಳಿದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ "ಅನ್ನದ ಬದಲು" ಅನ್ನುವುದು ಬಹಳ ಸುಲಭ. ಆ ಭಾಷೆಯಲ್ಲಿ ಹೊಲದಲ್ಲಿದ್ದರೂ ಅದೇ ಹೆಸರು, ಚೀಲದಲ್ಲಿದ್ದರೂ ಅದೇ ಹೆಸರು, ತಟ್ಟೆಯಲ್ಲಿದ್ದರೂ ಅದೇ ಹೆಸರು. ನಮ್ಮಲ್ಲಿ ಭತ್ತ ಅಕ್ಕಿಯಾಗಿ, ಅಕ್ಕಿ ಅನ್ನವಾಗಿ, ಅನ್ನ ಋಣವಾಗಿ ಏಳೇಳು ಜನ್ಮಕ್ಕೂ ಅಂಟಿಕೊಳ್ಳುತ್ತದೆ. ಅದನ್ನು ಬಿಡಿ ಅಂದರೆ ಬಿಡಲಿಕ್ಕೆ ಅದೇನು ಸಿಗರೇಟೇ?

ಆ ಶನಿವಾರವೇ ಕಾಸ್ಟ್‌ಕೋಗೆ ಹೋದೆವು. ಅಲ್ಲಿ ಯಾವುದೂ ಸಣ್ಣದಾಗಿ ಸಿಗುವುದಿಲ್ಲ. ರುಚಿ ನೋಡೋಣ ಅಂತ ಹೋದವರಿಗೆ ನಾಲ್ಕೂವರೆ ಪೌಂಡಿನ ಚೀಲ ಸಿಕ್ಕಿತು. ಕಾರಿನಲ್ಲಿ ನಾನು "ಈ ಕ್ವಿನೋವಾ ಹೇಗೆ ಮಾಡೋದೋ" ಅಂದೆ. ಹಿಂದಿನ ಸೀಟಿನಿಂದ ಮಗಳು, "ಅಮ್ಮಾ, ಪ್ಲೀಸ್. ಕೀನ್-ವಾ" ಅಂತ ನನ್ನ ನಾಲಿಗೆ ತಿದ್ದಿದಳು. ಹೋಗಲಿ, ಆಂಡಿಸ್ ಬೆಟ್ಟದ ಕೆಚುವಾ ಜನ ಅದನ್ನು ಕರೆಯುವುದೂ ಹಾಗೆಯೇ. ನಡುವೆ ಸ್ಪೇನಿನವರು ತಮ್ಮ ಕಾಗುಣಿತ ತೂರಿಸಿದ್ದರಿಂದ ನಮ್ಮಂಥವರ ಮಾನ ಕಾಸ್ಟ್‌ಕೋ ದಾರಿಯಲ್ಲಿ ಹೋಗುತ್ತದೆ.

ನವೆಂಬರಿನಲ್ಲಿ ಅತ್ತೆ ಮೈಸೂರಿನಿಂದ ಬಂದಿಳಿದರು, ಆರು ತಿಂಗಳ ಠಿಕಾಣಿಗೆ. ಬಂದ ಮರುದಿನವೇ ಅಡುಗೆಮನೆಯ ಡಬ್ಬಗಳ ಜನಗಣತಿ ಶುರು. ಕೀನ್ವಾ ಡಬ್ಬದ ಮುಚ್ಚಳ ತೆಗೆದು, ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದರು.

"ನವಣೆ ತರ ಇದೆ, ನವಣೆ ಅಲ್ಲ. ಗಸಗಸೆ ಅಂದ್ರೆ ದಪ್ಪ. ಏನೇ ಇದು?"

"ಕೀನ್ವಾ ಅತ್ತೆ."

"ಕೀನ್ಯಾನಾ? ಆಫ್ರಿಕಾದಿಂದ ಅಕ್ಕಿ ತರಿಸ್ತೀರಾ ನೀವು?"

ಆಫ್ರಿಕಾ ಅಲ್ಲ, ಪೆರು ಮತ್ತು ಬೊಲಿವಿಯಾ, ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಬೆಳೆಯುತ್ತಾರೆ ಅಂತ ಮಗಳು ಫೋನಿನಲ್ಲಿ ಭೂಪಟ ತೆಗೆದು ತೋರಿಸಿದಳು. ಅತ್ತೆ ಭೂಪಟ ನೋಡಿದರು, ತಲೆಯಾಡಿಸಿದರು. ಆದರೆ ಹೆಸರು ನಿಂತುಬಿಟ್ಟಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಕೀನ್ಯಾ ಅಕ್ಕಿ.

ಮೊದಲ ಸಲ ತೊಳೆದ ಕತೆ ಹೇಳಲೇಬೇಕು. ನಾನು ಅಕ್ಕಿ ತೊಳೆದ ಹಾಗೆ ಪಾತ್ರೆಗೆ ಹಾಕಿ, ನೀರು ಬಿಟ್ಟು, ಅಂಗೈ ಅಡ್ಡ ಇಟ್ಟು ಬಗ್ಗಿಸಿದೆ. ಅರ್ಧ ಕೀನ್ವಾ ಬೆರಳ ಸಂದಿಯಿಂದ ನುಸುಳಿ ಸಿಂಕಿಗೆ ಹೋಯಿತು. ಜರಡಿಗೆ ಹಾಕಿದೆ, ತೂತಿನಲ್ಲಿ ಇಳಿದು ಹೋಯಿತು. ಟೀ ಸೋಸುವ ಜಾಲರಿಗೆ ಹಾಕಿದೆ. ಸದ್ಯ, ನಿಂತಿತು. ಆದರೆ ಒಂದು ಲೋಟ ಕೀನ್ವಾ ತೊಳೆಯಲು ಜಾಲರಿಯನ್ನು ಒಂಬತ್ತು ಸಲ ತುಂಬಬೇಕು. ಪಕ್ಕದಲ್ಲಿ ನಿಂತಿದ್ದ ಅತ್ತೆಯ ಕಣ್ಣು ಪಾತ್ರೆಯ ಮೇಲಿತ್ತು.

"ಪಾತ್ರೆಗೆ ಸೋಪು ಹಾಗೇ ಇದೆ ಕಣೇ, ನೊರೆ ನೋಡು."

"ಸೋಪಲ್ಲ ಅತ್ತೆ, ಅದರದ್ದೇ ನೊರೆ."

ಅತ್ತೆ ನೊರೆಯನ್ನು ಬೆರಳಿಂದ ತೆಗೆದು ನಾಲಿಗೆ ತುದಿಗೆ ತಾಗಿಸಿ ಮುಖ ಕಿವುಚಿದರು. "ಅಂಟುವಾಳ!" ಅಂದರು.

ಕೆಮಿಸ್ಟ್ರಿ ಓದಿದವರೂ ಅಷ್ಟು ಚೊಕ್ಕವಾಗಿ ಹೇಳಲಾರರು. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಪದಾರ್ಥವೇ ಕೀನ್ವಾದ ಮೈಮೇಲೂ ಇರುತ್ತದೆ. ಆ ಕಹಿಗೆ ಹಕ್ಕಿಗಳು ತೆನೆಯ ಹತ್ತಿರ ಸುಳಿಯುವುದಿಲ್ಲ. ಅಂಗಡಿಗೆ ಬರುವ ಮುಂಚೆಯೇ ತೊಳೆದಿರುತ್ತಾರೆ, ಆದರೂ ನಾವೊಮ್ಮೆ ತೊಳೆಯದಿದ್ದರೆ ಗಂಟಲಲ್ಲಿ ಕಹಿ ಉಳಿಯುತ್ತದೆ. "ಇದನ್ನ ತಿನ್ನೋದಾ, ತಲೆಗೆ ಹಚ್ಚೋದಾ?" ಅಂತ ಕೇಳುತ್ತಲೇ ಅತ್ತೆ ಒಳಗೆ ಹೋಗಿ ನನ್ನ ಮಗನ ಮುಂಜಿ ಪಂಚೆಯನ್ನು ಹುಡುಕಿ ತಂದರು. ಮಲ್ಲಿನಂತೆ ತೆಳುವಾದ ಪಂಚೆ, ಒಂದೇ ದಿನ ಉಟ್ಟದ್ದು. ಅದರ ಮೂಲೆಯಲ್ಲಿ ಕೀನ್ವಾ ಗಂಟು ಕಟ್ಟಿ, ನಲ್ಲಿಯ ಕೆಳಗೆ ಹಿಡಿದು, ನೊರೆ ನಿಲ್ಲುವ ತನಕ ಕಿವುಚಿದರು. ಒಂದು ಕಾಳೂ ಹೋಗಲಿಲ್ಲ. ಯಾರಿಗಾದರೂ ಕೀನ್ವಾ ತೊಳೆಯುವ ಉಪಾಯ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮುಂಜಿಯಾದ ಮಗ ಬೇಕು, ಅಷ್ಟೆ.

ಬೇಯಿಸಿದ್ದು ಮಾತ್ರ ಅನಾಹುತವಾಯಿತು. ಒಂದಕ್ಕೆ ಎರಡು ನೀರಿಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ಬೇಯಿಸಿ ಆಚೆ ಕಡೆ ಫೋನಿಗೆ ಹೋಗಿದ್ದೆ. ವಾಪಸು ಬರುವ ಹೊತ್ತಿಗೆ ಪಾತ್ರೆ ಖಾಲಿ. ಅತ್ತೆ ಹಿತ್ತಲ ಬಾಗಿಲು ಮುಚ್ಚಿ ಒಳಗೆ ಬರುತ್ತಿದ್ದರು.

"ಎಲ್ಲಾ ಹುಳು ಬಿದ್ದುಹೋಗಿತ್ತು ಕಣೇ. ಒಂದೊಂದು ಕಾಳಲ್ಲೂ ಒಂದೊಂದು ಬಿಳೀ ಹುಳು, ಸುರುಳಿ ಸುತ್ತಿಕೊಂಡು ಕೂತಿತ್ತು. ನೀವು ಕನ್ನಡಕ ಹಾಕ್ಕೊಂಡು ಅಡುಗೆ ಮಾಡೋದು ಕಲೀರಿ."

ಅದು ಹುಳುವಲ್ಲ. ಕೀನ್ವಾ ಬೆಂದಾಗ ಕಾಳಿನ ಸುತ್ತ ಸುತ್ತಿಕೊಂಡಿರುವ ಮೊಳಕೆಯ ಎಳೆ ಬಿಚ್ಚಿಕೊಂಡು, ಬಿಳಿ ಬಾಲದ ಹಾಗೆ ಹೊರಗೆ ಬರುತ್ತದೆ. ಬಾಲ ಬಂದರೆ ಬೆಂದಿದೆ ಅಂತ ಅರ್ಥ, ಅದೇ ಗುರುತು. ಇದನ್ನೆಲ್ಲ ಹೇಳುವ ಹೊತ್ತಿಗೆ ಹಿತ್ತಲಲ್ಲಿ ಎರಡು ಜಿಂಕೆ ಬಂದು ನಮ್ಮ ಊಟ ಮುಗಿಸುತ್ತಿದ್ದವು. ನ್ಯೂಜೆರ್ಸಿಯಲ್ಲಿ ಕೀನ್ವಾವನ್ನು ಮೊದಲ ತುತ್ತಿಗೇ ಒಪ್ಪಿಕೊಂಡ ಜೀವಿಗಳು ನಾನು ಕಂಡಂತೆ ಅವೆರಡೇ.

ಎರಡನೆಯ ಸಲ ಉಪ್ಪಿಟ್ಟು ಮಾಡಿದೆ. ತೊಳೆದ ಕೀನ್ವಾವನ್ನು ಬಟ್ಟೆಯ ಮೇಲೆ ಹರವಿ ಆರಿಸಿ, ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದೆ. ಹುರಿಯುವಾಗ ಕೆಲವು ಕಾಳು ಎಳ್ಳಿನ ಹಾಗೆ ಚಟಪಟ ಸಿಡಿಯುತ್ತವೆ, ಆಗ ಉರಿ ಇಳಿಸಬೇಕು. ಸಾಸಿವೆ, ಕಡಲೇಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಮೇಲೆ ಸ್ವಲ್ಪ ಬೀನ್ಸು ಕ್ಯಾರೆಟ್ಟು. ನೀರು ಎರಡು ಲೋಟಕ್ಕೆ ಸ್ವಲ್ಪ ಕಡಿಮೆಯೇ ಇರಲಿ, ಹುರಿದ ಕೀನ್ವಾಕ್ಕೆ ಒಂದೂ ಮುಕ್ಕಾಲು ಸಾಕು. ಬೆಂದ ಮೇಲೆ ಒಲೆ ಆರಿಸಿ, ಮುಚ್ಚಳದ ಕೆಳಗೆ ಒಂದು ಒಣ ಬಟ್ಟೆ ಇಟ್ಟು ಹತ್ತು ನಿಮಿಷ ಬಿಟ್ಟೆ. ಬಟ್ಟೆ ಹಬೆಯನ್ನೆಲ್ಲ ಕುಡಿದು ಉಪ್ಪಿಟ್ಟು ಉದುರುದುರಾಯಿತು. ಇಳಿಸಿದ ಮೇಲೆ ನಿಂಬೆರಸ, ಕಾಯಿತುರಿ. ಅತ್ತೆ ಎರಡು ಸಲ ಹಾಕಿಸಿಕೊಂಡರು. ನಾನು ಗೆದ್ದೆ ಅಂದುಕೊಂಡೆ.

ಆಗ ಇವರು ತಟ್ಟೆ ಮುಂದಕ್ಕೆ ನೂಕಿ, "ಮೊಸರಿಗೆ ಒಂದೇ ಒಂದು ತುತ್ತು ಅನ್ನ ಇದ್ದಿದ್ರೆ..." ಅಂದರು.

ಉಳಿದದ್ದನ್ನು ಫ್ರಿಜ್ಜಿಗಿಡಲು ಹೋದಾಗ ಇನ್ನೊಂದು ಪ್ರಶ್ನೆ ಎದ್ದಿತು. ಈ ಬರಹದ ಉಳಿದ ಭಾಗವೆಲ್ಲ ಆ ಪ್ರಶ್ನೆಯ ಕೂಸು.

"ಎಲ್ಲಿಡ್ತೀಯೆ? ಹಾಲಿನ ಪಕ್ಕದಲ್ಲಾ? ಅದು ಮುಸುರೆ ಅಲ್ವೇನೇ?"

ನಮ್ಮತ್ತೆಯ ಶಾಸ್ತ್ರದಲ್ಲಿ ಲೋಕದ ಸಮಸ್ತ ಆಹಾರವೂ ಎರಡೇ ಜಾತಿ. ಅನ್ನ, ಹುಳಿ, ಸಾರು, ಚಿತ್ರಾನ್ನ ಮುಸುರೆ. ಹಾಲು, ಮೊಸರು, ಉಪ್ಪಿನಕಾಯಿ, ಹಣ್ಣು ಅಲ್ಲ. ರವೆ ಉಪ್ಪಿಟ್ಟು ಹುರಿದದ್ದು ಅಂತ ಪಾರಾಗಿದೆ. ಮುಸುರೆ ಫ್ರಿಜ್ಜಿನ ಕೆಳಗಿನ ಹಲಗೆಗೆ, ಮುಟ್ಟಿದ ಕೈಯನ್ನು ತೊಳೆದೇ ಹಾಲು ಮುಟ್ಟುವುದು. ಅಮೆರಿಕಕ್ಕೆ ಬಂದಾಗ ಅತ್ತೆ ಮಡಿ ಬಿಟ್ಟರು, ಪಿಜ್ಜಾ ತಿಂದರು, ನೈಟಿಯ ಮೇಲೆ ಸ್ವೆಟರು ಹಾಕಿ ಮಾಲಿಗೂ ಬಂದರು. ಮುಸುರೆ ಮಾತ್ರ ಬಿಡಲಿಲ್ಲ. ಈಗ ಕೀನ್ವಾ ಯಾವ ಜಾತಿ? ಅನ್ನದ ಹಾಗೆ ಬೇಯುತ್ತದೆ, ಆದ್ದರಿಂದ ಮುಸುರೆ. ಆದರೆ ಅಕ್ಕಿಯಲ್ಲ, ಆದ್ದರಿಂದ ಅಲ್ಲ. ತೀರ್ಮಾನವಾಗುವ ತನಕ ಅದು ಫ್ರಿಜ್ಜಿನ ನಡು ಹಲಗೆಯಲ್ಲಿ, ತ್ರಿಶಂಕುವಿನ ಹಾಗೆ, ಒಂಟಿಯಾಗಿ ಇರತಕ್ಕದ್ದು ಎಂದಾಯಿತು.

ನನ್ನ ಮನಸ್ಸಿನಲ್ಲಿದ್ದ ಆಸೆಯನ್ನು ಈಗ ಹೇಳಿಬಿಡುತ್ತೇನೆ. ನನಗೆ ಅದು ಮುಸುರೆಯಾಗಬೇಕಿತ್ತು. ಮುಸುರೆ ಅಂತ ಒಮ್ಮೆ ಆಗಿಬಿಟ್ಟರೆ ಅನ್ನದ ಪಂಕ್ತಿಗೆ ಸೇರಿದ ಹಾಗೆ. ಆಮೇಲೆ ಇವರಿಗೆ "ಅನ್ನ ಊಟ ಮಾಡಿದಿರಲ್ಲ, ಏಳಿ" ಅನ್ನಬಹುದು.

ಚಳಿಗಾಲ ಪೂರ್ತಿ ಆ ಪ್ರಯತ್ನದಲ್ಲೇ ಕಳೆಯಿತು. ಬಿಸಿಬೇಳೆ ಬಾತು ಮಾಡಿದೆ. ತೊಗರಿಬೇಳೆಯನ್ನು ಬೇರೆಯಾಗಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕೀನ್ವಾ ತರಕಾರಿ ಒಟ್ಟಿಗೆ ಬೇಯಿಸಿ, ಹುಣಸೆರಸ, ಪುಡಿ, ಬೆಲ್ಲ ಹಾಕಿ ಕುದಿಸಿ, ತುಪ್ಪದಲ್ಲಿ ಗೋಡಂಬಿ ಒಗ್ಗರಣೆ. ನೀರು ಧಾರಾಳವಾಗಿರಬೇಕು, ಆರುತ್ತಾ ಆರುತ್ತಾ ಇದೂ ಗಟ್ಟಿಯಾಗುತ್ತದೆ. ಅದ್ಭುತವಾಗಿತ್ತು. ಸುಳ್ಳೇಕೆ, ಆ ಪುಡಿ, ಆ ತುಪ್ಪ ಬಿದ್ದರೆ ಹತ್ತಿಬೀಜವೂ ಅದ್ಭುತವಾಗಿರುತ್ತದೆ. ಇವರು ಮೂರು ಸಲ ಬಡಿಸಿಕೊಂಡರು. ನಾಲ್ಕನೆಯ ಸಲಕ್ಕೆ ನಾನು ಕಾಯುತ್ತಿದ್ದರೆ, "ಕೊನೆಗೆ ಮಜ್ಜಿಗೆಗೆ ಒಂದು ಹಿಡಿ ಅನ್ನ..."

ಸರಿ, ಮೂಲಕ್ಕೇ ಕೈ ಹಾಕೋಣ ಅಂತ ಕೀನ್ವಾ ಮೊಸರನ್ನ ಮಾಡಿದೆ. ಮೊಸರನ್ನದ ಗುಟ್ಟು ಕಿವುಚುವುದರಲ್ಲಿದೆ. ಅನ್ನ ತನ್ನ ಆಕಾರ ಬಿಟ್ಟುಕೊಟ್ಟು ಮೊಸರಿನೊಳಗೆ ಕರಗಬೇಕು. ಕೀನ್ವಾ ಜಪ್ಪಯ್ಯ ಅಂದರೂ ಆಕಾರ ಬಿಡುವುದಿಲ್ಲ. ಸೌಟಿನ ಹಿಂಬದಿಯಿಂದ ಮಸೆದೆ, ಕೈಯಿಂದ ಕಿವುಚಿದೆ, ಬೆರಳ ಸಂದಿಯಲ್ಲಿ ಜಾರಿ ಮತ್ತೆ ಮೊಸರಿನಲ್ಲಿ ತೇಲಿತು, ಬಾಲದ ಸಮೇತ. ಮಗ ಬಟ್ಟಲನ್ನು ನೋಡಿ, "ಅಮ್ಮಾ, ಕಪ್ಪೆಮರಿ" ಅಂದ. ಅಲ್ಲಿಗೆ ಮುಗಿಯಿತು. ಆಮೇಲೆ ಕಲಿತದ್ದು, ಮೂರರಷ್ಟು ನೀರಿಟ್ಟು ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ, ಬಿಸಿಯಿರುವಾಗಲೇ ಹಾಲು ಹಾಕಿ ಕಡೆದರೆ ಒಂದಿಷ್ಟು ಬಗ್ಗುತ್ತದೆ. ಆದರೆ ಕಪ್ಪೆಮರಿ ಅಂದದ್ದನ್ನು ಯಾರು ತಿನ್ನುತ್ತಾರೆ?

ದೋಸೆ ಗೆದ್ದಿತು. ಒಂದು ಲೋಟ ಕೀನ್ವಾ, ಒಂದು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ. ಜನವರಿಯ ನ್ಯೂಜೆರ್ಸಿಯಲ್ಲಿ ಹಿಟ್ಟು ಹುದುಗುವುದೇ ಕಷ್ಟ. ಓವನ್ನಿನೊಳಗೆ ದೀಪ ಮಾತ್ರ ಹಚ್ಚಿ ರಾತ್ರಿಯಿಡೀ ಅದರಲ್ಲಿಟ್ಟರೆ ಬೆಳಗ್ಗೆ ಉಕ್ಕಿರುತ್ತದೆ. ಓವನ್ನಿನಲ್ಲಿ ದೋಸೆಹಿಟ್ಟಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸುವುದನ್ನು ಮರೆಯಬಾರದು. ಹಿಂದೊಮ್ಮೆ ಮಗಳು ಕುಕ್ಕೀ ಮಾಡಲೆಂದು ಓವನ್ ಬಿಸಿಗಿಟ್ಟು ಸ್ಟೀಲ್ ಡಬರಿಯಲ್ಲಿ ಜಗತ್ತಿನ ಅತಿ ದಪ್ಪ ಇಡ್ಲಿ ತಯಾರಾಗಿತ್ತು. ಇರಲಿ. ಕೀನ್ವಾ ದೋಸೆ ಕೆಂಪಗೆ, ಗರಿಗರಿಯಾಗಿ ಬಂತು. ಇವರು ಆರು ತಿಂದು, ಏಳನೆಯದಕ್ಕೆ ಮುಂಚೆ "ಇದು ತಿಂಡಿ ಆಯ್ತು. ಊಟ ಎಷ್ಟೊತ್ತಿಗೆ?" ಅಂದರು.

ಆಗ ನಾನು ಲೆಕ್ಕ ಹಾಕಲು ಕೂತೆ. ಒಂದು ಬಟ್ಟಲು ಬೆಂದ ಕೀನ್ವಾದಲ್ಲಿ 222 ಕ್ಯಾಲರಿ. ಒಂದು ಬಟ್ಟಲು ಅನ್ನದಲ್ಲಿ 205. ಪ್ರೋಟೀನು ಎಂಟು ಗ್ರಾಂ, ಅನ್ನದ ಎರಡರಷ್ಟು, ನಾರು ಐದು ಗ್ರಾಂ. ಅನ್ನದ ಬದಲು ತಿಂದವರಿಗೆ ಅದೆಲ್ಲ ಲಾಭ. ಅನ್ನದ ಜೊತೆಗೆ ತಿಂದವರಿಗೆ?

ಇವರ ಆಫೀಸಿನಲ್ಲಿ ಲಿಮಾ ನಗರದವರೊಬ್ಬರು ಇದ್ದಾರೆ. ಪೆರುವಿನವರನ್ನೇ ಕೇಳೋಣ, ದಿನಾ ಹೇಗೆ ತಿನ್ನುತ್ತಾರೆ ಅಂತ, ಎಂದು ನಾನೇ ಪೀಡಿಸಿ ಕೇಳಿಸಿದೆ. ಅವರು ಬಿದ್ದು ಬಿದ್ದು ನಕ್ಕರಂತೆ. ಬನ್ನಿ, ನಮ್ಮೂರಿನ ಊಟ ತೋರಿಸುತ್ತೇನೆ ಎಂದು ಒಂದು ಭಾನುವಾರ ಪೇಟರ್ಸನ್ನಿಗೆ ಕರೆದುಕೊಂಡು ಹೋದರು. ಎಡಿಸನ್ನಿನ ಓಕ್ ಟ್ರೀ ರಸ್ತೆ ನಮಗೆ ಹೇಗೋ, ಪೇಟರ್ಸನ್ ಪೆರುವಿನವರಿಗೆ ಹಾಗೆ. ಅಂಗಡಿ, ಬೇಕರಿ, ಹೋಟೆಲು ಎಲ್ಲ ಅವರದೇ. ಅತ್ತೆ ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿ ಹೊರಟರು, ಕೀನ್ಯಾ ಅಕ್ಕಿಯ ತವರುಮನೆ ನೋಡಲು.

ತಟ್ಟೆ ಬಂತು. ಅನ್ನ. ಗೋಪುರದ ಹಾಗೆ ಬಟ್ಟಲಲ್ಲಿ ಒತ್ತಿ ಬೋರಲು ಹಾಕಿದ ಬೆಳ್ಳಗಿನ ಅನ್ನ. ಪಕ್ಕದಲ್ಲಿ ಹುರುಳಿಕಾಯಿಯ ಬೀಜದಂಥ ಕಾಳಿನ ಗೊಜ್ಜು, ಆಲೂಗಡ್ಡೆ. ಕೀನ್ವಾ ಎಲ್ಲಿ ಅಂದರೆ, ಸೂಪಿನಲ್ಲಿದೆ, ಆದರೆ ಅದಕ್ಕೆ ಕೋಳಿ ಹಾಕಿದ್ದಾರೆ, ನಿಮಗಾಗದು ಅಂದರು. ನಮ್ಮ ಮನೆಯಲ್ಲಿ ದಿನಾ ಅನ್ನವೇ, ಅನ್ನದ ಜೊತೆಗೆ ಆಲೂಗಡ್ಡೆ ಎಂದೂ ಹೇಳಿದರು. ಇವರು ಆ ಮನುಷ್ಯನನ್ನು ನೋಡಿದ ನೋಟ! ಕುಂಭಮೇಳದಲ್ಲಿ ಕಳೆದುಹೋದ ಅಣ್ಣ ಸಿಕ್ಕ ಹಾಗೆ.

ಮಾತಾಡುತ್ತಾ ಅವರೇ ಹೇಳಿದರು. ಅವರ ಅಜ್ಜಿ ಪುನೋದವರು, ಟಿಟಿಕಾಕಾ ಸರೋವರದ ಕಡೆ. ಅಜ್ಜಿ ಕೀನ್ವಾ ಹಿಟ್ಟನ್ನು ಅಂಗೈಯಲ್ಲಿ ಅದುಮಿ ಉಂಡೆ ಮಾಡಿ ಹಬೆಯಲ್ಲಿ ಬೇಯಿಸುತ್ತಿದ್ದರಂತೆ, ಕಿಸ್ಪಿನ್ಯಾ ಅಂತ ಅದರ ಹೆಸರು. ಬೆರಳಚ್ಚು ಹಾಗೇ ಮೂಡಿರುತ್ತಿತ್ತಂತೆ. ನಾನು ಅನುವಾದಿಸುವ ಮೊದಲೇ ಅತ್ತೆ ಅವರ ಕೈಯ ಅಭಿನಯ ನೋಡಿ, "ಕಡುಬು!" ಅಂದರು. ಪಟ್ಟಣದಲ್ಲಿ ಅದನ್ನು ಬೆಟ್ಟದ ಬಡವರ ಊಟ ಅಂತ ಯಾರೂ ಮುಟ್ಟುತ್ತಿರಲಿಲ್ಲ, ಅಮೆರಿಕದವರು ತಿನ್ನಲು ಶುರು ಮಾಡಿದ ಮೇಲೆ ಲಿಮಾದ ದೊಡ್ಡ ಹೋಟೆಲುಗಳಿಗೂ ಬಂತು ಅಂತ ಅವರು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಾರಿನಲ್ಲಿ, "ನಮ್ಮ ಮನೇಲಿ ಗೇಯೋಕೆ ಬರೋರಿಗೆ ಮಾತ್ರ ರಾಗಿ ಅಳೀತಿದ್ರು. ಈಗ ನೋಡು, ನಮ್ಮ ಅಣ್ಣಂಗೆ ಡಾಕ್ಟ್ರು ಮುದ್ದೆ ಬರೆದುಕೊಟ್ಟಿದಾರೆ" ಅಂದರು. ವಿಶ್ವಸಂಸ್ಥೆ ಕೀನ್ವಾ ಹೆಸರಿನಲ್ಲಿ ಒಂದು ವರ್ಷವನ್ನೇ ಆಚರಿಸಿದ್ದು 2013ರಲ್ಲಿ. ನಮ್ಮ ನವಣೆ, ಸಾಮೆ, ರಾಗಿಗೆ ಆ ಪಾಳಿ ಬಂದದ್ದು 2023ಕ್ಕೆ. ಮಗಳು ಇದನ್ನು ಓದಿ ಹೇಳಿದಾಗ, "ಹತ್ತು ವರ್ಷ ಸೀನಿಯರ್ರು" ಎಂದು ಅತ್ತೆ ಕೀನ್ವಾವನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು.

ಫೆಬ್ರವರಿಯಲ್ಲಿ ಹಿಮ ಬಿತ್ತು. ಎರಡು ದಿನ ಬಾಗಿಲು ತೆಗೆಯುವ ಹಾಗಿಲ್ಲ. ಎರಡನೆಯ ದಿನವೇ ಏಕಾದಶಿ. ಅತ್ತೆ ಮೊದಲೆಲ್ಲ ನೀರೂ ಮುಟ್ಟದೆ ಇರುತ್ತಿದ್ದರು, ಈಗ ವಯಸ್ಸಾಯಿತು ಅಂತ ಊರಿನ ಆಚಾರ್ರೇ ಒಂದು ಹೊತ್ತು ಉಪ್ಪಿಟ್ಟಿಗೆ ಅನುಮತಿ ಕೊಟ್ಟಿದ್ದಾರೆ. ಆದರೆ ರವೆ ಡಬ್ಬ ಖಾಲಿ. ಅವಲಕ್ಕಿ ಇಲ್ಲ. ಸಾಬಕ್ಕಿ ಇಲ್ಲ. ಇದ್ದದ್ದು ಕೀನ್ವಾ.

"ಇದು ಧಾನ್ಯ ಹೌದೋ ಅಲ್ಲವೋ, ಸರಿಯಾಗಿ ನೋಡಿ ಹೇಳು" ಎಂದು ಮೊಮ್ಮಗಳಿಗೆ ಅಪ್ಪಣೆಯಾಯಿತು. ಅವಳು ಹುಡುಕಿ, ಇದು ಹುಲ್ಲಿನ ಜಾತಿಯೇ ಅಲ್ಲ ಅಜ್ಜಿ, ಅಕ್ಕಿ, ಗೋಧಿ, ರಾಗಿ ಎಲ್ಲ ಹುಲ್ಲಿನ ಜಾತಿ, ಇದು ಪಾಲಕ್, ಬೀಟ್‌ರೂಟ್, ದಂಟಿನ ಸೊಪ್ಪಿನ ಕುಟುಂಬ ಎಂದಳು.

"ದಂಟಾ? ಹಾಗಾದ್ರೆ ರಾಜಗಿರಿಗೆ ನೆಂಟ! ರಾಜಗಿರಿ ಉಪವಾಸಕ್ಕೆ ಆಗುತ್ತೆ, ಧಾರವಾಡದ ಕಡೆಯವರು ಉಂಡೆ ಕಟ್ಟಿ ತಿಂತಾರೆ."

ನನ್ನ ಎದೆ ಧಸಕ್ಕೆಂದಿತು. ಕೇಸು ಕೈ ತಪ್ಪುತ್ತಿದೆ. "ಬೇಯಿಸೋದು ಅನ್ನದ ಹಾಗೇ ಅಲ್ವಾ ಅತ್ತೆ? ಯಾವುದಕ್ಕೂ ಆಚಾರ್ರನ್ನ ಕೇಳಿಬಿಡೋಣ" ಅಂದೆ. ಅವತ್ತು ಅತ್ತೆ ಎರಡು ಬಾಳೆಹಣ್ಣು ತಿಂದು, ಮೈಸೂರಿಗೆ ಒಂದು ವಾಯ್ಸ್ ಮೆಸೇಜು ಕಳಿಸಿ ಮಲಗಿದರು.

ಆಚಾರ್ರು ದುಡುಕುವವರಲ್ಲ. ನಾಲ್ಕು ದಿನದ ಮೇಲೆ "ಗಿಡದ ಫೋಟೋ ಕಳಿಸಿ" ಅಂತ ಬಂತು. ಕಳಿಸಿದೆವು. ಹತ್ತು ದಿನದ ಮೇಲೆ, "ತೆನೆ ಬಿಡುವುದೋ, ಗೊಂಚಲೋ?" ಮಾರ್ಚಿನಲ್ಲಿ, "ಉತ್ತು ಬೆಳೆಯುವುದೋ, ತಾನಾಗಿ ಬೆಳೆಯುವುದೋ?" ಆಮೇಲೆ ಆಚಾರ್ರು ಕಾಶಿಗೆ ಹೋದರು. ನೀಲಿ ಟಿಕ್ ನಿಂತುಹೋಯಿತು.

ಆ ನಡುವೆ ಯುಗಾದಿ ಬಂತು, ರಾಮನವಮಿ ಬಂತು. ಕನ್ನಡ ಕೂಟದ ಊಟಕ್ಕೆ ಕೀನ್ವಾ ಕೋಸಂಬರಿ ಮಾಡಿಕೊಂಡು ಹೋದೆ. ಬೇಯಿಸಿ ಪೂರ್ತಿ ಆರಿಸಿದ ಕೀನ್ವಾ, ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಮಾವಿನಕಾಯಿ ತುರಿ, ಇಂಗು ಸಾಸಿವೆ ಒಗ್ಗರಣೆ. ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಬೇಕು, ಮುಂಚೆ ಹಾಕಿದರೆ ಸೌತೆ ನೀರು ಬಿಡುತ್ತದೆ. ಪಾತ್ರೆ ಖಾಲಿಯಾಯಿತು. ಕೋಸಂಬರಿಗಿಂತ ಒಳ್ಳೆಯ ಗತಿ ಕೀನ್ವಾಕ್ಕೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕೋಸಂಬರಿ ಎಲೆಯ ತುದಿಗೆ ಎರಡು ಚಮಚ ಬಡಿಸುವಂಥದ್ದು. ಅದನ್ನು ತಿಂದವರೆಲ್ಲ ಆಮೇಲೆ ಅನ್ನಕ್ಕೆ ಕಾದರು, ನಮ್ಮವರು ಎಲ್ಲರಿಗಿಂತ ಮುಂದೆ.

ಏಪ್ರಿಲಿನಲ್ಲಿ ಪಕ್ಕದ ಮನೆಯ ಅಜ್ಜಿ ಅತ್ತೆಯನ್ನು ಚಹಾಕ್ಕೆ ಕರೆದರು. ನಾವಿರುವುದು ಹೈಲ್ಯಾಂಡ್ ಪಾರ್ಕಿನಲ್ಲಿ, ಸುತ್ತ ಆಚಾರವಂತ ಯಹೂದಿಗಳ ಮನೆಗಳು. ಅವರಿಗೆ ಪಾಸೋವರ್ ಹಬ್ಬದ ಹೊತ್ತು. ಮನೆಯಲ್ಲಿ ಒಂದು ಚೂರು ಬ್ರೆಡ್ಡೂ ಇರಬಾರದು ಎಂದು ಗುಡಿಸಿ ಒರೆಸಿ, ಸೋಫಾದ ಸಂದಿಯನ್ನೂ ಝಾಡಿಸಿ ಹಸನು ಮಾಡಿದ್ದರು. ಅತ್ತೆ ಒಳಗೆ ಕಾಲಿಟ್ಟವರೇ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಎರಡು ಸಿಂಕು. ಎರಡು ಸೆಟ್ಟು ಪಾತ್ರೆ. ಎರಡು ಬಣ್ಣದ ಒರೆಸುವ ಬಟ್ಟೆ.

"ಏನಂತೆ ಇದು?"

"ಒಂದು ಹಾಲು ಮೊಸರಿನ ಪಾತ್ರೆಗೆ ಅತ್ತೆ."

"ಇನ್ನೊಂದು?"

ಇನ್ನೊಂದು ಮಾಂಸಕ್ಕೆ. ಆದರೆ ಕೈಯಲ್ಲಿ ಆಗಲೇ ಚಹಾದ ಬಟ್ಟಲು ಹಿಡಿದಿದ್ದ ಅತ್ತೆಗೆ ಅದನ್ನು ಹೇಗೆ ಹೇಳುವುದು? "ಮುಸುರೆಗೆ" ಅಂದೆ.

ಅತ್ತೆಯ ಕಣ್ಣು ಒದ್ದೆಯಾಯಿತು. "ನೋಡೇ! ಎಪ್ಪತ್ತೈದು ವರ್ಷದ ಹೆಂಗಸು, ಎರಡು ಸಿಂಕು ಇಟ್ಕೊಂಡು ಮಡಿ ಮಾಡ್ತಾ ಇದಾರೆ. ನೀನು ಇರೋ ಒಂದು ಫ್ರಿಜ್ಜಲ್ಲಿ ಎಲ್ಲಾ ತುರುಕಿದೀಯ." ಆಮೇಲೆ ಆಕೆಯ ಕೈ ಹಿಡಿದುಕೊಂಡು ಅಚ್ಚ ಕನ್ನಡದಲ್ಲಿ, "ನಿಮ್ಮಂಥೋರು ಇರೋದ್ರಿಂದ ಮಳೆ ಬೆಳೆ ಆಗ್ತಿದೆಯಮ್ಮಾ" ಅಂದರು. ಆಕೆ ಏನೂ ಅರ್ಥವಾಗದೆಯೂ ಎಲ್ಲ ಅರ್ಥವಾದವರ ಹಾಗೆ ಅತ್ತೆಯ ಕೈ ಅದುಮಿದರು.

ಮಾತು ಊಟಕ್ಕೆ ಬಂತು. ಹಬ್ಬದ ಎಂಟು ದಿನ ಗೋಧಿ, ಬಾರ್ಲಿ, ಓಟ್ಸಿನಿಂದ ಹುದುಗಿದ್ದು ಯಾವುದನ್ನೂ ಮುಟ್ಟುವ ಹಾಗಿಲ್ಲ. ಅವರ ಪಂಗಡದಲ್ಲಿ ಅಕ್ಕಿಯೂ ಇಲ್ಲ, ಬೇಳೆಕಾಳೂ ಇಲ್ಲ, ಸಾಸಿವೆಯೂ ಇಲ್ಲ.

"ಸಾಸಿವೆ ಇಲ್ವಾ?" ಅತ್ತೆಗೆ ಅದನ್ನು ತಡೆಯಲಾಗಲಿಲ್ಲ. "ಒಗ್ಗರಣೆ ಹೇಗೆ ಹಾಕ್ತಾರೆ ಪಾಪ?"

ಆದರೆ ಒಂದು ತಿನ್ನಬಹುದು ಎಂದು ಆಕೆ ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. ಕೀನ್ವಾ! ಇದರ ಬಗ್ಗೆಯೂ ವರ್ಷಗಟ್ಟಲೆ ಜಿಜ್ಞಾಸೆ ನಡೆದಿತ್ತಂತೆ. ಧಾನ್ಯ 'ಹೌದು' ಎಂದು ಕೆಲವು ಪಂಡಿತರು, 'ಅಲ್ಲ' ಎಂದು ಕೆಲವರು. ನಮ್ಮ ಹಿರಿಯರು ನಿಷೇಧದ ಪಟ್ಟಿ ಮಾಡಿದಾಗ ಇದರ ಹೆಸರೇ ಕೇಳಿರಲಿಲ್ಲವಲ್ಲ, ಕೇಳದ್ದನ್ನು ನಿಷೇಧಿಸಿದ್ದು ಹೇಗೆ ಎಂದು ಒಂದು ವಾದ. ಹತ್ತಿರದಲ್ಲಿ ಬಾರ್ಲಿ ಬೆಳೆದಿದ್ದರೆ ಕಾಳು ಬೆರೆತಿರಬಹುದಲ್ಲ ಎಂದು ಇನ್ನೊಂದು. ಪಂಡಿತರು ಆಂಡಿಸ್ ಬೆಟ್ಟ ಹತ್ತಿ ಹೊಲವನ್ನೇ ನೋಡಿ ಬಂದರು ಎಂದು ಆಕೆ ಹೇಳಿದರು. 2013ರ ಕೊನೆಗೆ ಆರ್ಥೊಡಾಕ್ಸ್ ಯೂನಿಯನ್ ಸಂಸ್ಥೆ ಒಪ್ಪಿಗೆಯ ಮುದ್ರೆ ಒತ್ತಿತು, ತಕ್ಕ ಪರೀಕ್ಷೆಯಾದ ಪೊಟ್ಟಣಕ್ಕೆ ಮಾತ್ರ.

ನಾನು ಇದನ್ನು ಅನುವಾದಿಸದೆ ನುಂಗಿಬಿಡಬಹುದಿತ್ತು. ನುಂಗಬೇಕಿತ್ತು. ಆದರೆ ಮುಸುರೆಯ ಸುಳ್ಳು ಆಗಲೇ ಗಂಟಲಲ್ಲಿತ್ತು, ಎರಡನೆಯದಕ್ಕೆ ಜಾಗವಿರಲಿಲ್ಲ.

"ನೋಡಿದ್ಯಾ!" ಅತ್ತೆ ಎದ್ದು ನಿಂತರು. "ಇವರ ಆಚಾರ್ರು ಬೆಟ್ಟ ಹತ್ತಿ ಹೊಲ ನೋಡ್ಕೊಂಡು ಬಂದಿದಾರೆ. ನಮ್ಮೋರು ಕೂತಲ್ಲೇ ಫೋಟೋ ಕಳಿಸಿ ಅಂತಾರೆ."

ಮರುದಿನ ಏಕಾದಶಿಯಲ್ಲದಿದ್ದರೂ ಕೀನ್ವಾ ಪಾಯಸವಾಯಿತು. ಹಾಲಿನಲ್ಲಿ ಮೆತ್ತಗೆ ಬೇಯಿಸಿ, ಒಲೆಯಿಂದ ಇಳಿಸಿ ಬಿಸಿ ಸ್ವಲ್ಪ ತಗ್ಗಿದ ಮೇಲೆ ಬೆಲ್ಲ ಹಾಕಬೇಕು, ಮುಂಚೆ ಹಾಕಿದರೆ ಹಾಲು ಒಡೆಯುತ್ತದೆ. ಏಲಕ್ಕಿ, ದ್ರಾಕ್ಷಿ. ಒಂದು ಡಬ್ಬ ಪಕ್ಕದ ಮನೆಗೂ ಹೋಯಿತು, ಅವರ ಕಟ್ಟುಪಾಡಿನಲ್ಲಿ ನಮ್ಮ ಪಾತ್ರೆಯ ಅಡುಗೆ ನಡೆಯುವುದಿಲ್ಲ ಎಂದು ನನಗೆ ಗೊತ್ತಿದ್ದರೂ. ಆಕೆ ಬಾಗಿಲಲ್ಲೇ ತೆಗೆದುಕೊಂಡು, ಆಘ್ರಾಣಿಸಿ, ಎದೆಯ ಮೇಲೆ ಕೈಯಿಟ್ಟು, ಮೊಮ್ಮಕ್ಕಳ ಗೆಳೆಯರಿಗೆ ಕೊಡುತ್ತೇನೆ ಅಂದರು. "ಪರರ ಮನೆಯದು ತಿನ್ನಲ್ಲ!" ಎಂದು ಅತ್ತೆಗೆ ಅವರ ಮೇಲಿನ ಭಕ್ತಿ ಇಮ್ಮಡಿಸಿತು.

ಅತ್ತೆ ಹೊರಡುವ ಹಿಂದಿನ ದಿನ ಆಚಾರ್ರ ಮೆಸೇಜು ಬಂತು. ಸ್ಪೀಕರಿಗೆ ಹಾಕಿ ಎಲ್ಲರೂ ಕೇಳಿದೆವು. ಕಾಶಿಯಲ್ಲಿ ತಿಳಿದವರ ಹತ್ತಿರ ವಿಚಾರಿಸಿದ್ದೇನೆ, ಅದು ಧಾನ್ಯವಲ್ಲ, ಸೊಪ್ಪಿನ ಬೀಜ. ಆದ್ದರಿಂದ ಅನ್ನವಲ್ಲ. ಮುಸುರೆಯಲ್ಲ. ಏಕಾದಶಿಗೆ ಬಾಧಕವಿಲ್ಲ. ಕೆಮ್ಮಿ, ಸ್ವಲ್ಪ ತಡೆದು, "ಬರುವಾಗ ಒಂದೆರಡು ಕೆಜಿ ತಂದರೆ ಅನುಕೂಲ. ನನಗೂ ಶುಗರ್ ಅಂತ ಹೇಳಿದಾರೆ."

ಅತ್ತೆ ನಡು ಹಲಗೆಯಲ್ಲಿದ್ದ ಡಬ್ಬವನ್ನು ತೆಗೆದು ಮೇಲಿನ ಹಲಗೆಯಲ್ಲಿ, ಹಾಲಿನ ಪಕ್ಕ ಪ್ರತಿಷ್ಠಾಪಿಸಿದರು. ಇವರು ನನ್ನ ಕಡೆ ತಿರುಗಿದರು. ಆರು ತಿಂಗಳಲ್ಲಿ ಅಂಥ ತೃಪ್ತಿಯನ್ನು ಆ ಮುಖದಲ್ಲಿ ನಾನು ನೋಡಿರಲಿಲ್ಲ.

"ಅನ್ನವಲ್ಲ ಅಂತ ಆಚಾರ್ರೇ ಹೇಳಿದ್ರಲ್ಲ. ಹಾಗಾದ್ರೆ ಅನ್ನ ಎಲ್ಲಿ?"

ಮೈಸೂರಿನಲ್ಲೂ ಈಗ ಕೀನ್ವಾ ಸಿಗುತ್ತದೆ ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಪಕ್ಕದ ಮನೆಯವರ ಮುದ್ರೆ ಬಿದ್ದ ಪೊಟ್ಟಣವೇ ಆಗಬೇಕೆಂದು ಅಂಗಡಿಯಿಂದ ಆರು ತರಿಸಿದರು. ಸೂಟ್‌ಕೇಸು ಐವತ್ತು ಪೌಂಡು ದಾಟುವ ಹಾಗಿಲ್ಲ. ನಮ್ಮ ಮನೆಯಲ್ಲಿ ಸೂಟ್‌ಕೇಸು ತೂಗುವ ಕ್ರಮ ಹೀಗೆ. ಇವರು ಬಚ್ಚಲುಮನೆಯ ತಕ್ಕಡಿಯ ಮೇಲೆ ಸೂಟ್‌ಕೇಸು ಎತ್ತಿಕೊಂಡು ನಿಲ್ಲುವುದು, ಆಮೇಲೆ ಬರಿಗೈಯಲ್ಲಿ ನಿಲ್ಲುವುದು, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯುವುದು. ಸೂಟ್‌ಕೇಸು ಎತ್ತಿಕೊಂಡು ನಿಂತರು. ಅತ್ತೆ ಕನ್ನಡಕ ಏರಿಸಿ ಬಗ್ಗಿ ಓದಿದರು, 239. ಕೆಳಗಿಟ್ಟು ನಿಂತರು. 189.

ನಾನು ಆ ಎರಡನೆಯ ಅಂಕಿಯನ್ನೇ ನೋಡುತ್ತಾ ನಿಂತೆ. ಇವರು ಚಾವಣಿ ನೋಡುತ್ತಿದ್ದರು.

"ಸರಿಯಾಗಿ ಐವತ್ತು!" ಅತ್ತೆ ಕೈ ತಟ್ಟಿದರು. "ಒಂದು ಪೌಂಡೂ ಹೆಚ್ಚಿಲ್ಲ ನೋಡು."